ಕೈಯಿಲ್ಲದ ಕುರ್ಚಿ

ಆ ಕುರ್ಚಿಗೆ ಕೈಗಳಿರಲಿಲ್ಲ. ಮೊದಲು ಇದ್ದವಂತೆ, ಹಾಲಪ್ಪ ಮೇಷ್ಟ್ರು ಗರಗಸ ತಂದು ತಾವೇ ಕೊಯ್ದುಹಾಕಿದ್ದರು. ಕೊಯ್ದ ಜಾಗದಲ್ಲಿ ಮರ ಬಿಳಿಚಿಕೊಂಡು, ಎರಡೂ ಕಡೆ ಮಾಯದ ಗಾಯದ ಹಾಗೆ ಕಾಣುತ್ತಿತ್ತು. ತರಗತಿಗೆ ಸೇರಿದ ಹೊಸತರಲ್ಲಿ ನಮ್ಮಲ್ಲೊಬ್ಬರು ಹೀಗೇಕೆ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಕೈ ಇದ್ರೆ ಕೂತೋರು ಅದನ್ನೇ ಹಿಡ್ಕೊಂಡು ಬಚಾವಾಗ್ತಾರೆ. ಹಿಡ್ಕೊಳ್ಳೋಕೆ ಏನೂ ಇಲ್ದಾಗ ಮನುಷ್ಯನ ಕೈ ನಿಜ ಹೇಳ್ತದೆ."

ಕತೆ ಬರೆಯುವುದನ್ನು ಕಲಿಸುವ ಆ ಸಂಜೆ ತರಗತಿ ನಡೆಯುತ್ತಿದ್ದುದು ಮೈಕ್ ಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಮೇಲಿನ ಕೋಣೆಯಲ್ಲಿ. ನಾವು ಮೇಲೆ ಯಾರದೋ ದುಃಖವನ್ನು ವಿಚಾರಿಸುತ್ತ ಕೂತಿದ್ದರೆ ಕೆಳಗಿನಿಂದ "ಹಲೋ, ಹಲೋ" ಎಂದು ಯಾರೋ ಮೈಕು ಪರೀಕ್ಷಿಸುತ್ತಿದ್ದರು. ನಾನು ಹಗಲು ಒಂದು ಔಷಧಾಲಯದಲ್ಲಿ ಚೀಟಿ ನೋಡಿ ಮಾತ್ರೆ ಕೊಡುವ ಕೆಲಸ ಮಾಡುತ್ತಿದ್ದೆ. ಕೊಟ್ಟ ಮೇಲೂ ಸರಿಯಾದದ್ದನ್ನೇ ಕೊಟ್ಟೆನೇ ಎಂದು ಮನೆಯ ದಾರಿಯುದ್ದಕ್ಕೂ ಯೋಚಿಸುವವಳು. ಓದಿದ್ದೆಲ್ಲ ಸಂಜೆ ಕಾಲೇಜಿನಲ್ಲಿ. ಹಗಲು ಕಲಿತವರ ಮುಂದೆ ನನ್ನದು ಮಬ್ಬು ಬೆಳಕಿನ ವಿದ್ಯೆ ಎಂಬ ಅಳುಕು ಆಗಲೂ ಇತ್ತು, ಈಗಲೂ ಇದೆ. ಬರೆಯಬೇಕೆಂಬ ಆಸೆ ಮಾತ್ರ ಬಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬರೆಯಬೇಕಾಗಿದ್ದುದು ಒಂದೇ ಒಂದು ಕತೆ. ಅದನ್ನು ಬರೆಯುವ ಹಾಗಿರಲಿಲ್ಲ. ಆದ್ದರಿಂದ ಬೇರೆ ಕತೆಗಳನ್ನು ಬರೆಯುತ್ತಿದ್ದೆ, ಅವು ಚೆನ್ನಾಗಿರುತ್ತಿರಲಿಲ್ಲ.

ಮೇಷ್ಟ್ರು ನಾಟಕದ ಕಂಪನಿಯಿಂದ ಬಂದವರು. ನಟರಾಗಿದ್ದದ್ದಕ್ಕಿಂತ ಹೆಚ್ಚು ಕಾಲ ಪರದೆಯ ಮರೆಯಲ್ಲಿ ನಿಂತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ ಮಾಡಿದ್ದರಂತೆ. ಹೀಗಾಗಿ ಅವರ ದನಿ ಪಿಸುಗುಟ್ಟಿದರೂ ಕೋಣೆಯ ಮೂಲೆಗೆ ತಲುಪುತ್ತಿತ್ತು. ಅವರು ನಮಗೆ ಮೊದಮೊದಲು ಬರೆಯಲು ಬಿಡಲೇ ಇಲ್ಲ. ನಡೆಯಿರಿ ಎನ್ನುತ್ತಿದ್ದರು. ಹೊಸ ಚಪ್ಪಲಿ ಕಚ್ಚುತ್ತಿರುವವನು ಹೇಗೆ ನಡೆಯುತ್ತಾನೆ, ಮನೆಗೆ ಸುಳ್ಳೊಂದನ್ನು ಹೊತ್ತು ಬರುವವಳು ಬಾಗಿಲಲ್ಲಿ ಎಲ್ಲಿ ನಿಲ್ಲುತ್ತಾಳೆ, ಅದನ್ನೆಲ್ಲ ಮೈಯಲ್ಲಿ ಮಾಡಿ ನೋಡಿದ ಮೇಲೆ ಒಂದು ಸಾಲು. ಮಾತು ಕೊನೆಗೆ. ಯಾರಾದರೂ 'ಅವಳಿಗೆ ಸಿಟ್ಟು ಬಂತು' ಎಂದು ಓದಿದರೆ, ಸಿಟ್ಟು ಬಸ್ಸಲ್ಲಿ ಬಂತೋ ನಡೆದುಕೊಂಡು ಬಂತೋ ಎಂದು ಕೇಳುತ್ತಿದ್ದರು. ನಾನು ಒಮ್ಮೆ 'ದುಃಖದ ಕಡಲಿನಲ್ಲಿ ಮುಳುಗಿದಳು' ಎಂದು ಬರೆದು ಓದಿದೆ.

"ಕಡಲು ನಮ್ಮೂರಲ್ಲಿ ಎಲ್ಲಿದೆ ತಾಯಿ?" ಅಂದರು. "ಬಚ್ಚಲು ತೋರ್ಸಿ, ಸಾಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ಆ ಸಾಲನ್ನು ಹೊಡೆದು ಹಾಕಿ, ಅವಳು ಬಚ್ಚಲಿನಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು ಎಂದು ಬರೆದೆ. ಅದು ನನ್ನ ಬದುಕಿನ ಮೊದಲ ನೆಟ್ಟಗಿನ ವಾಕ್ಯ. ಅದನ್ನು ಕೊಟ್ಟವರು ಅವರು ಎಂಬುದನ್ನು ಇಷ್ಟೆಲ್ಲ ಆದ ಮೇಲೂ ಅಲ್ಲಗಳೆಯಲಾರೆ.

ಕುರ್ಚಿಯ ಪಾಠ ಆಮೇಲೆ ಬಂತು. ಯಾರ ಕತೆ ಮುಂದೆ ಹೋಗದೆ ನಿಂತಿದೆಯೋ ಅವರು ತಮ್ಮ ಪಾತ್ರದ ಹೆಸರು ಹೇಳಬೇಕು. ಇನ್ನೊಬ್ಬರು ಆ ಪಾತ್ರವಾಗಿ ಕುರ್ಚಿಯಲ್ಲಿ ಕೂರಬೇಕು. ಉಳಿದವರು ಕೇಳಿದ್ದಕ್ಕೆಲ್ಲ 'ನಾನು' ಎಂದೇ ಉತ್ತರ ಕೊಡಬೇಕು. ಹಾಗೆ ಹೊರಬಿದ್ದದ್ದು ಕತೆ ಯಾರದೋ ಅವರದು. ಕೂತವರು ಅದು ತನ್ನದೆಂದು ಆಮೇಲೆ ಕೇಳುವಂತಿಲ್ಲ. ಸೇರಿದ ದಿನವೇ ನಾವೆಲ್ಲ ಒಬ್ಬೊಬ್ಬರಾಗಿ ಕುರ್ಚಿಯ ಆ ಬಿಳಿಚಿದ ಗಾಯದ ಮೇಲೆ ಅಂಗೈಯಿಟ್ಟು "ಇಲ್ಲಿ ಬಂದ ಮಾತು ಕತೆಯವರದ್ದು" ಎಂದು ಹೇಳಿದ್ದೆವು. ಆಟದ ಪ್ರಮಾಣವೆಂದು ಎಲ್ಲರೂ ನಗುತ್ತ ಹೇಳಿದ್ದರು. ನಾನು ಪೂರ್ತಿ ಮನಸ್ಸಿನಿಂದ ಹೇಳಿದ್ದೆ. ಪ್ರಮಾಣವನ್ನು ಅರ್ಧ ಮಾಡುವುದು ನನಗೆ ತಿಳಿಯುತ್ತಿರಲಿಲ್ಲ.

ತರಗತಿಯಲ್ಲಿ ನನಗೆ ಗೆಳತಿಯಾಗಿದ್ದವಳು ವಾರಿಜ. ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮಕ್ಕಳನ್ನು ಸುಮ್ಮನಿರಿಸಿ ಅಭ್ಯಾಸವಾದ ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಅವಳ ಮನೆ ನಮ್ಮ ದಾರಿಯಲ್ಲೇ ಇದ್ದುದರಿಂದ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ಅವಳು ಶಾಂತವ್ವ ಎಂಬ ಹೆಂಗಸಿನ ಮೇಲೆ ಕತೆ ಬರೆಯುತ್ತಿದ್ದಳು. ಗಂಡ ಸಾಯುತ್ತಾನೆ, ಶಾಂತವ್ವ ಗೋಳೋ ಎಂದು ಅಳುತ್ತಾಳೆ. ಅಲ್ಲಿಂದ ಮುಂದೆ ಕತೆ ಹೆಜ್ಜೆ ಇಡುತ್ತಿರಲಿಲ್ಲ. ಒಂದು ಸಂಜೆ ಮೇಷ್ಟ್ರು ಸುತ್ತ ನೋಡಿ, ಶಾಂತವ್ವನಾಗಿ ಕೂರಲು ನನ್ನನ್ನು ಕರೆದರು.

ಉಳಿದವರಿಗೆ ಕುರ್ಚಿಯಲ್ಲಿ ಕೂತ ಕೂಡಲೇ ಕಲ್ಪನೆ ಬರುತ್ತಿತ್ತು. ಇಲ್ಲದ ಊರು, ಇಲ್ಲದ ಅತ್ತೆ, ಇಲ್ಲದ ಜ್ವರಗಳನ್ನು ಸರಾಗವಾಗಿ ಹೇಳುತ್ತಿದ್ದರು. ನನಗೆ ಅದು ಆಗಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡೆ.

ಗಂಡ ಹೋದದ್ದು ಯಾವ ಹೊತ್ತಿಗೆ ಎಂದು ಯಾರೋ ಕೇಳಿದರು. ಬೆಳ್ಳಿ ಮೂಡುವ ಹೊತ್ತಿಗೆ ಎಂದೆ. ಮನೆಯಲ್ಲಿ ಯಾರಿದ್ದರು ಎಂದು ಕೇಳಿದರು. ಎರಡು ಮಕ್ಕಳು, ಮಲಗಿದ್ದವು ಎಂದೆ. ಆಗ ಮೇಷ್ಟ್ರು ಮುಂದಕ್ಕೆ ಬಾಗಿದರು.

"ಅತ್ತಿರಾ?"

"ಇಲ್ಲ."

"ಮತ್ತೆ? ನಿಮ್ ಕೈ ಏನ್ ಮಾಡ್ತಿತ್ತು?"

"ಅಕ್ಕಿ ತೊಳೀತಿತ್ತು."

ಕೆಳಗಿನ ಮೈಕು ಕೂಡ ಆಗ ಸುಮ್ಮನಿತ್ತೆಂದು ನನ್ನ ನೆನಪು. ಅದು ನಿಜವೋ, ನಾನೇ ಆಮೇಲೆ ಸೇರಿಸಿಕೊಂಡದ್ದೋ ಹೇಳಲಾರೆ. ತೊಡೆಯ ಮೇಲೆ ನನ್ನ ಬೆರಳುಗಳು ಅಕ್ಕಿ ಗಾಲಿಸುವ ಹಾಗೆ ತಿರುಗುತ್ತಿದ್ದವು, ನಾನು ತಿರುಗಿಸುತ್ತಿರಲಿಲ್ಲ. ಉಳಿದದ್ದೆಲ್ಲ ತಾನಾಗಿ ಬಂತು. ಹೆಣ ಎತ್ತುವ ತನಕ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಒಮ್ಮೆ ಬಾಯಿಬಿಟ್ಟು ಅತ್ತರೆ ಬೀದಿ ಬರುತ್ತದೆ, ದೂರದ ನೆಂಟರಿಗೆ ಕಾಯಬೇಕಾಗುತ್ತದೆ, ಮಕ್ಕಳು ಸಂಜೆಯವರೆಗೂ ಹಸಿದಿರಬೇಕಾಗುತ್ತದೆ. ಗಂಡನ ಕಾಯಿಲೆಗೆ ಹೆದರಿ ನಮ್ಮ ಬಾಗಿಲಿಗೆ ಬರುವುದನ್ನೇ ಬಿಟ್ಟವರು ತುತ್ತು ತಂದುಕೊಡುವವರಲ್ಲ. ಹಿಂದಿನ ರಾತ್ರಿಯೂ ಅವು ಉಂಡಿರಲಿಲ್ಲ. ಆದ್ದರಿಂದ ಶಾಂತವ್ವ ಗಂಡನ ಕಣ್ಣು ಮುಚ್ಚಿದಳು, ಹೊದಿಕೆ ಎಳೆದಳು, ಒಳಗೆ ಹೋಗಿ ಒಲೆ ಹಚ್ಚಿದಳು. ಒಗ್ಗರಣೆ ಹಾಕಲಿಲ್ಲ, ವಾಸನೆ ಗೋಡೆಯಾಚೆ ಹೋದೀತೆಂದು. ಊದುಗೊಳವೆ ಮುಟ್ಟಲಿಲ್ಲ, ಸದ್ದಾದೀತೆಂದು. ಮಕ್ಕಳನ್ನು ಎಬ್ಬಿಸಿ ಬಿಸಿ ಅನ್ನಕ್ಕೆ ಉಪ್ಪು, ಮಜ್ಜಿಗೆ ಕಲಸಿ ತಿನ್ನಿಸಿ, ಬಾಯಿ ಒರೆಸಿ, ಪಾತ್ರೆ ಬೆಳಗಿ ಮಗುಚಿಟ್ಟಳು. ಆಮೇಲೆ ಬಾಗಿಲು ತೆರೆದು ಅತ್ತಳು.

ನಾನು ಎದ್ದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಹೊತ್ತಿಗೆ ನನಗೆ ನನ್ನ ಮೇಲೆ ಹೆಮ್ಮೆಯಾಯಿತೆಂಬುದನ್ನೂ ಹೇಳಿಬಿಡಬೇಕು.

ದಾರಿಯಲ್ಲಿ ವಾರಿಜಳಿಗೆ ನಿಜ ಹೇಳಿದೆ. ಶಾಂತವ್ವ ನನ್ನ ಅವ್ವ. ಆ ಮಕ್ಕಳು ನಾನು ಮತ್ತು ನನ್ನ ತಮ್ಮ. ಇದು ನಮ್ಮ ಕಡೆಯವರಲ್ಲಿ ಯಾರಿಗೂ ಗೊತ್ತಿಲ್ಲ. ಇನ್ಯಾವುದೋ ಮನೆಯಲ್ಲಿ ಹೀಗೆ ಒಲೆ ಹಚ್ಚಿದ ಹೆಂಗಸೊಬ್ಬಳನ್ನು ಮದುವೆ ಮುಂಜಿಗಳಲ್ಲಿ ಇಂದಿಗೂ 'ಹೆಣದ ಮುಂದೆ ಉಂಡವಳು' ಎಂದು ತೋರಿಸುವವರಿದ್ದಾರೆ. ದಯವಿಟ್ಟು ಬರೆಯಬೇಡ ಎಂದು ಕೇಳಿಕೊಂಡೆ. ವಾರಿಜ ನಡುಬೀದಿಯಲ್ಲೇ ನಿಂತು ನನ್ನ ತಲೆಯ ಮೇಲೆ ಕೈಯಿಟ್ಟಳು.

"ನಿನ್ನಾಣೆ ಕಣೇ. ಶಾಂತವ್ವನ್ನ ಇವತ್ತಿಗೇ ಬಿಟ್ಟೆ ಅಂದ್ಕೋ."

ಬಿಟ್ಟಳು ಕೂಡ. ಮುಂದಿನ ವಾರ ಬೇರೆ ಯಾವುದೋ ತಮಾಷೆಯ ಕತೆ ತಂದಳು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಕ್ಕಳದು. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು.

ಮೇಷ್ಟ್ರಿಗೂ ಹೇಳಿದೆ. ಅವರು, ಅದು ನಿಮ್ಮ ಕತೆ, ನೀವೇ ಬರೆಯಬೇಕು ಎಂದರು. ಅವ್ವ ಬದುಕಿರುವವರೆಗೂ ಬರೆಯಲಾರೆ ಎಂದೆ. ಹಾಗೆನ್ನುವಾಗ ಅವ್ವನ ಸಾವಿಗೆ ಕಾಯುತ್ತಿರುವ ಮಗಳಂತೆ ಕೇಳಿಸಿತೆಂದು ನಾಚಿಕೆಯಾಯಿತು. ಅವರು ನಗಲಿಲ್ಲ. ಕಾಯಿರಿ, ಆದರೆ ಕಾಯುವಾಗ ಮರೆತು ಹೋಗದಂತೆ ನೋಡಿಕೊಳ್ಳಿ, ಆಗಾಗ ನನಗೆ ಹೇಳುತ್ತಿರಿ, ನಾನು ಕೇಳುತ್ತಿರುತ್ತೇನೆ ಎಂದರು. ಕಂಪನಿಯಲ್ಲಿ ದೊಡ್ಡ ನಟರು ಹೀಗೇ ಪಾತ್ರವನ್ನು ಬೇಯಿಸುತ್ತಿದ್ದರಂತೆ.

ಆಮೇಲೆ ತರಗತಿ ಮುಗಿದ ಮೇಲೆ ಅವರು ನನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ಕೇಳುವುದು ರೂಢಿಯಾಯಿತು. ಪಾತ್ರೆ ಯಾವ ಬಗೆಯದು? ಬೆಳಕು ಎಲ್ಲಿಂದ ಬೀಳುತ್ತಿತ್ತು? ತಮ್ಮ ಏನಾದರೂ ಕೇಳಿದನೇ? ನಾನು ಪ್ರತಿಯೊಂದಕ್ಕೂ ತಪ್ಪದಂತೆ, ಸಂಶಯವಿದ್ದರೆ ಸಂಶಯವನ್ನೂ ಸೇರಿಸಿ ಉತ್ತರಿಸಿದೆ. ಗುರುಗಳೊಬ್ಬರು ನನ್ನೊಳಗಿನ ಒಂದೇ ಒಂದು ಕತೆಯನ್ನು ನನಗಾಗಿ ಜೋಪಾನ ಮಾಡುತ್ತಿದ್ದಾರೆ ಎಂಬ ಧೈರ್ಯ ನನಗೆ ಅಲ್ಲಿಯವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ. ಆ ಧೈರ್ಯದಲ್ಲೇ ಒಂದು ದಿನ, ಕುರ್ಚಿಯ ಮೇಲೂ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಅವರಿಗೆ ಹೇಳಿದೆ.

ಅಂದು ಬೆಳಗ್ಗೆ ನನಗೆ ಎಚ್ಚರವಿತ್ತು. ಅವ್ವ ಅಪ್ಪನ ಕಣ್ಣು ಮುಚ್ಚಿದ್ದನ್ನು ಕಂಬಳಿಯ ಸಂದಿಯಿಂದ ನೋಡಿದ್ದೆ. ಅಪ್ಪ ಸತ್ತಿದ್ದಾನೆಂದು ತಿಳಿದೇ, ಅವಳು ಎಬ್ಬಿಸಿದಾಗ ಆಗ ತಾನೇ ಎದ್ದವಳ ಹಾಗೆ ಕಣ್ಣುಜ್ಜಿ ಕೂತು, ಕೊಟ್ಟ ತುತ್ತನ್ನೆಲ್ಲ ತಿಂದಿದ್ದೆ. ಅವ್ವನಿಗೆ ಇದು ಗೊತ್ತಿಲ್ಲ. ತನ್ನ ಮಕ್ಕಳು ಏನೂ ಅರಿಯದೆ ಹೊಟ್ಟೆ ತುಂಬ ಉಂಡವು ಎಂಬ ಒಂದೇ ಸಮಾಧಾನದ ಮೇಲೆ ಅವಳು ತನ್ನ ಮುಂದಿನ ಬದುಕನ್ನೆಲ್ಲ ನಿಲ್ಲಿಸಿಕೊಂಡಿದ್ದಳು. ಬೀದಿ ಏನಾದರೂ ಅನ್ನಲಿ, ಇದೊಂದು ಅವಳ ಕಿವಿಗೆ ಬೀಳಬಾರದು ಎಂದೆ.

"ಬೀಳಲ್ಲ," ಅಂದರು ಮೇಷ್ಟ್ರು. "ನನ್ನ ಕಿವಿ ದಾಟಲ್ಲ."

ಒಮ್ಮೆ ಅವರು ನಮ್ಮ ಮನೆಗೂ ಬಂದರು. ನಿಮ್ಮ ತಾಯಿಯವರ ಕೈಯಡುಗೆ ಉಣ್ಣಬೇಕು ಎಂದು ತಾವಾಗಿಯೇ ಹೇಳಿಕೊಂಡು ಬಂದದ್ದು. ಮಗಳಿಗೆ ವಿದ್ಯೆ ಹೇಳಿಕೊಡುವವರೆಂದು ಅವ್ವನಿಗೆ ಸಂಭ್ರಮ. ಅವರು ಹೊರಗೆ ಕೂರದೆ ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಸಿಕೊಂಡು ಕೂತು, ಕಂಪನಿಯ ಕತೆಗಳನ್ನು ಹೇಳಿ ಅವ್ವನನ್ನು ನಗಿಸಿದರು. ಹೆಣ್ಣು ವೇಷದ ಗಂಡಸೊಬ್ಬ ಮೀಸೆ ಬೋಳಿಸಲು ಒಪ್ಪದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಇಡೀ ನಾಟಕ ಮುಗಿಸಿದನೆಂಬ ಕತೆಗೆ ಅವ್ವ ಸೌಟು ಹಿಡಿದೇ ನಕ್ಕಳು. ಅವ್ವ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡು, ಅವ್ವನಿಗೆ ಕೈಮುಗಿದು ಹೋದರು.

ವರ್ಷದ ಕೊನೆಗೆ ತರಗತಿಯವರೆಲ್ಲ ಸೇರಿ ಮೇಷ್ಟ್ರ ಹೊಸ ನಾಟಕ ಆಡುವುದೆಂದಾಯಿತು. ಇಷ್ಟು ಕಾಲ ಬೇರೆಯವರ ಮಾತನ್ನೇ ಎತ್ತಿಕೊಟ್ಟ ಮನುಷ್ಯ ಕೊನೆಗೂ ತನ್ನದೊಂದು ಬರೆದರಲ್ಲ ಎಂದು ನಾನೂ ಸಂತೋಷಪಟ್ಟೆ. ನನಗೆ ಪಾತ್ರ ಕೊಡಲಿಲ್ಲ. ತಾಲೀಮಿಗೂ ಬರಬೇಡಿ ಎಂದರು. ನಿಮ್ಮಂಥ ಒಬ್ಬರು ಹೊಸ ಕಣ್ಣಿನಿಂದ ನೋಡಬೇಕು ನನಗೆ, ಮುಂದಿನ ಸಾಲಿನಲ್ಲಿ ಕೂರಿ, ಅವ್ವನನ್ನೂ ಕರೆದುಕೊಂಡು ಬನ್ನಿ. ನನ್ನ ಕಣ್ಣಿಗೆ ಅಷ್ಟು ಬೆಲೆ ಇದೆಯೆಂದು ಯಾರಾದರೂ ಹೇಳಿದ್ದು ಅದೇ ಮೊದಲು. ವಾರಿಜಳಿಗೆ ದೊಡ್ಡ ಪಾತ್ರವೆಂದು ತಿಳಿದಿತ್ತು. ಏನದು ಎಂದು ಕೇಳಿದರೆ ಸರ್ ಹೇಳಬೇಡ ಅಂದಿದಾರೆ ಎನ್ನುತ್ತಿದ್ದಳು. ಆ ದಿನಗಳಲ್ಲಿ ಅವಳಿಗೆ ಶಾಲೆಯ ಕೆಲಸ ಹೆಚ್ಚಾಗಿ, ನನ್ನೊಡನೆ ನಡೆದು ಬರುವುದು ಕಡಿಮೆಯಾಗಿತ್ತು.

ನಾಟಕ ಹಗಲಿಗೇ ಇತ್ತು. ಸಂಜೆಗೆ ಆ ಸಭಾಭವನ ಒಂದು ಮದುವೆಯ ಆರತಕ್ಷತೆಗೆ ಹೋಗಿದ್ದರಿಂದ ಬಿಸಿಲಿರುವಾಗಲೇ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಕತ್ತಲೆ ಮಾಡಿಕೊಂಡಿದ್ದರು. ಅವ್ವನ ಜೊತೆ ನನ್ನ ಸೋದರತ್ತೆಯೂ ಬಂದಿದ್ದಳು. ಅಪ್ಪನ ಅಕ್ಕ, ಕಣ್ಣಿನ ಪೊರೆ ತೆಗೆಸಲು ನಮ್ಮ ಮನೆಗೆ ಬಂದು ಉಳಿದಿದ್ದಳು. ಕಪ್ಪು ಕನ್ನಡಕದಲ್ಲಿ ಅವಳಿಗೆ ರಂಗದ ಮೇಲೆ ನೆರಳುಗಳಷ್ಟೇ ಕಾಣುತ್ತಿದ್ದವು. ಆದರೂ ನಾಟಕವೆಂದರೆ ಕೇಳುವುದು ಕೂಡ ಹೌದಲ್ಲ ಎಂದು ಹೊರಟಿದ್ದಳು. ನಡುವೆ ಅವ್ವ, ಎರಡು ಪಕ್ಕಕ್ಕೂ ನಾವು.

ಪರದೆ ಎದ್ದಾಗ ಒಂದು ಮಂಚ, ಹೊದಿಕೆಯೊಳಗೆ ಒಬ್ಬ ಮನುಷ್ಯ, ಆಚೆಗೆ ಒಲೆ. ಕಂಬಳಿಯಡಿ ಎರಡು ಮಕ್ಕಳು. ವಾರಿಜ ಬಗ್ಗಿ ಮಲಗಿದವನ ಕಣ್ಣು ಮುಚ್ಚಿದಳು.

ಆಗಲೂ ನಾನು, ಇಂಥ ಎಷ್ಟೋ ನಾಟಕಗಳಿರುತ್ತವೆ ಎಂದುಕೊಂಡೆ. ಅವಳು ಅಕ್ಕಿ ತೊಳೆದಳು. ಊದುಗೊಳವೆಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಪಾತ್ರೆಗೆ ಮುಚ್ಚಳ ಹಾಕಿ, ಗೆಣ್ಣಿನಿಂದ ಅದರ ಮೇಲೆ ಮೆಲ್ಲಗೆ ತಟ್ಟಿದಳು, ಒಳಗಿರುವ ಯಾರನ್ನೋ ಕರೆಯುವವಳ ಹಾಗೆ.

ಅದು ಅವ್ವನ ಅಭ್ಯಾಸ. ಹೊಸದಾಗಿ ಮುಚ್ಚಿದ ಪಾತ್ರೆಯನ್ನು ಅವಳು ಯಾವಾಗಲೂ ಹಾಗೆ ತಟ್ಟುತ್ತಿದ್ದಳು. ಅದನ್ನು ನಾನು ಮೇಷ್ಟ್ರಿಗೆ ಹೇಳಿರಲಿಲ್ಲ. ಹೇಳಬಹುದಾದ ಸಂಗತಿಯೆಂದೇ ನನಗೆ ಹೊಳೆದಿರಲಿಲ್ಲ. ಅವರು ನಮ್ಮ ಮನೆಗೆ ಉಣ್ಣಲು ಬಂದಿರಲಿಲ್ಲವೆಂದು ಆಗ ಗೊತ್ತಾಯಿತು.

ಕಣ್ಣು ಕಾಣದ ಅತ್ತೆ ಆ ಸದ್ದಿಗೆ ತಟ್ಟನೆ ತಲೆಯೆತ್ತಿದಳು. ಅವ್ವ ಅಲುಗಲಿಲ್ಲ. ನನ್ನ ಕೈಯ ಪಕ್ಕದಲ್ಲಿದ್ದ ಅವಳ ಕೈ ಮಾತ್ರ ನಿಧಾನವಾಗಿ ಸೆರಗಿನೊಳಕ್ಕೆ ಹೋಯಿತು.

ಎದ್ದು ಹೊರಗೆ ಕರೆದೊಯ್ಯಬಹುದಿತ್ತು. ಮುಂದಿನ ಸಾಲು, ಎಲ್ಲರೂ ನೋಡುತ್ತಾರೆ, ಅತ್ತೆಗೆ ಏನೆಂದು ಹೇಳಲಿ ಎಂದು ಲೆಕ್ಕ ಹಾಕುತ್ತಿರುವಾಗಲೇ ರಂಗದ ಮೇಲೆ ಕಂಬಳಿಯ ಅಂಚು ಸರಿಯಿತು. ಹೆಣ್ಣುಮಗು ತಲೆಯೆತ್ತಿ ಸತ್ತ ತಂದೆಯನ್ನು ನೋಡಿತು, ತಾಯಿಯ ಬೆನ್ನನ್ನು ನೋಡಿತು, ಮತ್ತೆ ಮಲಗಿ ಕಣ್ಣು ಮುಚ್ಚಿತು. ತಾಯಿ ಬಂದು ಎಬ್ಬಿಸಿದಳು. ಮಗು ಕಣ್ಣುಜ್ಜಿ ಎದ್ದು, ಆಕಳಿಸಿ, ಬಾಯಿ ತೆರೆಯಿತು. ತುತ್ತಿಡುವಾಗ ವಾರಿಜಳ ಕಣ್ಣೀರು ಅನ್ನದೊಳಗೆ ಬಿತ್ತು. ಸಭೆಯಲ್ಲಿ ಎಲ್ಲೆಡೆ ಮೂಗೊರೆಸುವ ಸದ್ದು. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಹೆತ್ತ ಕರುಳು ಎಂದಳು. ಇನ್ನೊಬ್ಬಾಕೆ, ಏನೇ ಅನ್ನಿ, ಹೆಣ ಒಳಗಿಟ್ಟುಕೊಂಡು ನನ್ನ ಕೈಲಂತೂ ಆಗದಪ್ಪ ಎಂದಳು.

ಅಂದು ತುತ್ತಿಡುವಾಗ ಅವ್ವ ಅತ್ತಿರಲಿಲ್ಲ. ಅದನ್ನೂ ನಾನು ಮೇಷ್ಟ್ರಿಗೆ ಸ್ಪಷ್ಟವಾಗಿಯೇ ಹೇಳಿದ್ದೆ.

ಚಪ್ಪಾಳೆ ನಿಂತ ಮೇಲೆ ಮೇಷ್ಟ್ರು ಹೂಹಾರದೊಂದಿಗೆ ನೇರ ನಮ್ಮ ಸಾಲಿಗೆ ಬಂದರು. ಅವ್ವನ ಮುಂದೆ ಬಾಗಿ ಕೈಮುಗಿದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಹೇಗಿತ್ತು ತಾಯಿ ಎಂದು ಕೇಳಿದರು.

ಅವ್ವ ಅವರನ್ನು ನಿಧಾನವಾಗಿ ನೋಡಿದಳು. "ಅವತ್ತು ಉಂಡಿದ್ದು ಸಾಲ್ಲಿಲ್ವೇನಪ್ಪಾ?"

ಅಷ್ಟು ಹೇಳಿ ಅತ್ತೆಯ ಕೈಹಿಡಿದು ಬಾಗಿಲ ಕಡೆ ನಡೆದಳು. ಮೇಷ್ಟ್ರ ಮುಖ ಒಂದು ಗಳಿಗೆ ಬಣ್ಣ ಕಳೆದುಕೊಂಡಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಕುರ್ಚಿಯ ಮೇಲೆ ಕೈಯಿಟ್ಟು ನೀವೂ ಒಪ್ಪಿದ್ದಿರಲ್ಲ ಎಂದು ನೆನಪಿಸಿದರು. ನನ್ನ ದನಿ ಹೇಗೆ ಹೊರಟಿತೋ ತಿಳಿಯದು.

"ಇಲ್ಲಿ ಬಂದ ಮಾತು ಕತೆಯವರದ್ದು ಅಂದಿದ್ರಿ. ಆ ಕತೆ ವಾರಿಜಂದು, ನಿಮ್ದಲ್ಲ."

"ವಾರಿಜ ನಂಗೆ ಕೊಟ್ಲು."

"ಮಗು ನೋಡಿದ್ದು? ಅದು ಕುರ್ಚಿ ಮೇಲೆ ಬಂದಿದ್ದಲ್ಲ."

ಅವರು ಹಾರವನ್ನು ಕತ್ತಿನಿಂದ ತೆಗೆದು ಕೈಗೆ ಸುತ್ತಿಕೊಂಡರು. ಮತ್ತೆ ಪರದೆಯ ಮರೆಯ ಆ ಪಿಸುದನಿಯಲ್ಲಿ ಹೇಳಿದರು: "ನೀವು ಬರೀತಿರ್ಲಿಲ್ಲ ತಾಯಿ. ಅವ್ರು ಹೋದ್ಮೇಲೂ ಬರೀತಿರ್ಲಿಲ್ಲ. ಇನ್ನೊಂದು ಹೆದ್ರಿಕೆ ಹುಡುಕ್ಕೊಂಡಿರ್ತಿದ್ರಿ. ಇವತ್ತು ಇಷ್ಟು ಜನ ಅತ್ರು. ಅದು ಸುಮ್ನೆ ಹೋಗ್ಬೇಕಿತ್ತಾ?"

ನನ್ನ ಸ್ವಭಾವವೇ ಅಂಥದು. ನನ್ನನ್ನು ದೋಚಿದವರು ಕಾರಣ ಹೇಳುತ್ತಿರುವಾಗಲೂ, ಇರಬಹುದೇನೋ ಎಂದು ಒಳಗೊಂದು ದನಿ ತಲೆಯಾಡಿಸುತ್ತಿತ್ತು.

ಪಕ್ಕದ ಕೋಣೆಯಲ್ಲಿ ವಾರಿಜ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಿದಳು. ಅರ್ಧ ಮುಖ ಇನ್ನೂ ಶಾಂತವ್ವನದಾಗಿತ್ತು.

"ನೀನು ಒಪ್ಪಿದೀಯ ಅಂದ್ರು ಕಣೇ ಸರ್."

"ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲೇ ವಾರಿಜಾ."

ಅವಳು ಕನ್ನಡಿಯ ಕಡೆ ತಿರುಗಿದಳು. "ಕೇಳಿದ್ರೆ ನೀನು ಬೇಡ ಅಂತಿದ್ದೆ," ಅಂದಳು.

ಆ ನಾಟಕ ಆಮೇಲೆ ಸುತ್ತಲಿನ ಊರುಗಳಲ್ಲೆಲ್ಲ ಆಯಿತು. ಹಾಲಪ್ಪನವರಿಗೆ ಒಳ್ಳೆಯ ಹೆಸರು ಬಂತು. ಅವ್ವನೂ ಅತ್ತೆಯೂ ಈಗ ಇಲ್ಲ. ಇದನ್ನು ಓದುವವರಲ್ಲಿ ಆ ನಾಟಕ ನೋಡಿದವರಿದ್ದರೆ, ಇವಳು ಅಲ್ಲಿಂದಲೇ ಎತ್ತಿಕೊಂಡಿದ್ದಾಳೆ ಎಂದುಕೊಳ್ಳಬಹುದು. ಒಮ್ಮೆ ಒಬ್ಬರು ನನ್ನ ಮುಖಕ್ಕೇ ಹಾಗೆಂದಿದ್ದಾರೆ. ನಾನು ವಾದಿಸಲಿಲ್ಲ. ಆದರೆ ನಾಟಕ ಮುಗಿದ ಮೇಲೆ ರಸ್ತೆಯಲ್ಲಿ ನಡೆದದ್ದು ಆ ನಾಟಕದಲ್ಲಿಲ್ಲ.

ಹೊರಗೆ ಇನ್ನೂ ಹೊಂಬಿಸಿಲಿತ್ತು. ಆರತಕ್ಷತೆಗೆ ಬರುವವರು ಜರಿ ಸೀರೆಗಳಲ್ಲಿ ಒಳಗೆ ನುಗ್ಗುತ್ತಿದ್ದರು. ಅವ್ವನೂ ಅತ್ತೆಯೂ ಆ ಗದ್ದಲದಿಂದ ಪಾರಾಗಿ ಒಂದು ಮುಚ್ಚಿದ ಅಂಗಡಿಯ ಮುಂದೆ ನಿಂತಿದ್ದರು. ನಾನು ಹತ್ತಿರ ಬಂದಾಗ ಅತ್ತೆ ಮಾತಾಡುತ್ತಿದ್ದಳು.

"ಅವತ್ತು ನಾನು ಬಂದಾಗ ಒಲೆ ಬೆಚ್ಚಗಿತ್ತು ದೇವೀರಿ."

ಅವ್ವ ಸೆರಗು ಸರಿಪಡಿಸಿಕೊಂಡಳು.

"ನೀರು ಕುಡೀತೀನಿ ಅಂತ ಒಳಗೆ ಹೋದೆ ನೋಡು, ಆಗ. ನಮ್ ಚಿಕ್ಕವ್ವ ಹಿಂದಿಂದ್ಲೇ ಬರ್ತಿದ್ಲು. ಅವಳ ಬಾಯಿ ನಿಂಗೊತ್ತಲ್ಲ. ಚೆಂಬಲ್ಲಿದ್ದಿದ್ದನ್ನ ಒಲೆಗೆ ಹುಯ್ದುಬಿಟ್ಟೆ."

"ಒಲೆ ಒದ್ದೆಯಾಗಿದ್ದು ಕಂಡಿದ್ದೆ ಅತ್ಗೆಮ್ಮ," ಅಂದಳು ಅವ್ವ. "ನಿಮ್ ಸೆರಗಲ್ಲೂ ಬೂದಿ ಇತ್ತು. ನೀವೇ ಅಂತ ಗೊತ್ತಿತ್ತು."

"ಒಂದಿನಾನೂ ಅನ್ಲಿಲ್ವಲ್ಲೇ."

"ನೀವೂ ಅನ್ಲಿಲ್ಲ."

ಅತ್ತೆ ಕನ್ನಡಕದ ಕೆಳಗೆ ಬೆರಳು ತೂರಿಸಿ ಕೆನ್ನೆ ಒರೆಸಿಕೊಂಡಳು. ನಾವಿಬ್ಬರೂ ಹೋದರೆ ಅದೂ ಹೋಗುತ್ತಿತ್ತು, ಈಗ ಊರಿಗೆಲ್ಲ ಉಣಬಡಿಸಿದರಲ್ಲ ಎಂದಳು. ನಾನೊಬ್ಬಳೇ ಹೊತ್ತಿದ್ದೇನೆಂದು ತಿಳಿದಿದ್ದ ಹೊರೆಯನ್ನು ಈ ಇಬ್ಬರು ಹೆಂಗಸರು ನನ್ನ ಬಾಲ್ಯದಿಂದಲೂ, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ, ಎರಡು ಕಡೆಯಿಂದ ಹಿಡಿದುಕೊಂಡಿದ್ದರು. ಮೇಷ್ಟ್ರಿಗೆ ಇದನ್ನು ಎತ್ತಿಕೊಡುವವರು ಯಾರೂ ಇರಲಿಲ್ಲ.

ಆಗ ಅವ್ವ ನನ್ನ ಕಡೆ ತಿರುಗಿದಳು. ಯಾರಿಗೆ ಹೇಳಿದೆ, ಯಾಕೆ ಹೇಳಿದೆ ಎಂದು ಕೇಳುತ್ತಾಳೆಂದು ಕಾದೆ. ಅದಕ್ಕೆ ನನ್ನಲ್ಲಿ ಉತ್ತರಗಳಿದ್ದವು.

"ಗೊತ್ತಿದ್ದೂ ತಿಂದ್ಯಾ ಮಗಾ?"

"ಹೂಂ."

"ನಿಮ್ಮಪ್ಪ ಹೋಗಿದಾರೆ ಅಂತ ಗೊತ್ತಿದ್ದೂ?"

"ನೀನು ಇಕ್ತಿದ್ದೆಯಲ್ಲವ್ವಾ," ಅಂದೆ.

ಅವ್ವನ ಮುಖ ನೋಡಿದೆ. ಆ ಮುಖವನ್ನು ನಾನು ವರ್ಣಿಸಲಾರೆ. ಮಾಡಿ ತೋರಿಸಲೂ ಆರೆ. ಅವಳು ಅತ್ತೆಯ ಮೊಣಕೈಗೆ ಕೈ ಸೇರಿಸಿದಳು. ಇಬ್ಬರೂ ಮನೆಯ ಕಡೆ ನಡೆಯತೊಡಗಿದರು. ಬಾ ಎಂದು ಕರೆಯಲಿಲ್ಲ.

ನಾನು ಅಲ್ಲೇ ನಿಂತಿದ್ದೆ. ಅವರು ಮುಂದೆ ಹೋದಂತೆ ಇಬ್ಬರ ನೆರಳೂ ಒಂದಾಗಿ ರಸ್ತೆಯುದ್ದಕ್ಕೂ ನನ್ನ ಕಾಲ ಬಳಿಯವರೆಗೆ ಹರಿದಿತ್ತು. ಅದನ್ನು ತುಳಿಯದಂತೆ ರಸ್ತೆಯ ಅಂಚಿಗೆ ಸರಿದು ಹಿಂದೆ ಹಿಂದೆ ನಡೆದೆ. ಹಿಟ್ಟಿನ ಗಿರಣಿಯ ತಿರುವಿನಲ್ಲಿ ಅವರು ನಿಂತರು. ತಿರುಗಿ ನೋಡಲಿಲ್ಲ, ಸುಮ್ಮನೆ ನಿಂತರು. ನನ್ನ ಚಪ್ಪಲಿಯ ಸದ್ದು ಕಿವಿಗೆ ಬೀಳುವಷ್ಟು ಹತ್ತಿರವಾದಾಗ, ಮತ್ತೆ ಹೆಜ್ಜೆ ಹಾಕಿದರು.